ಬಿಸಿಬುಗ್ಗೆಯ ನೀರು ಎಲ್ಲಿಯ ಮಳೆ?

1845ರಲ್ಲಿ ಐಸ್‌ಲ್ಯಾಂಡಿನ ಹೆಕ್ಲಾ ಜ್ವಾಲಾಮುಖಿ ಸಿಡಿಯಿತು. ಮರುವರ್ಷ ಜರ್ಮನಿಯ ರಸಾಯನ ವಿಜ್ಞಾನಿ ರಾಬರ್ಟ್ ಬುನ್ಸೆನ್ ಆ ದ್ವೀಪಕ್ಕೆ ಹೋದರು. ಕಾಲೇಜಿನ ಪ್ರಯೋಗಾಲಯದಲ್ಲಿ ಬರ್ನರ್ ಹಚ್ಚಿದವರಿಗೆಲ್ಲ ಅವರ ಹೆಸರು ಗೊತ್ತು. ಆ ಬರ್ನರ್ ಬರುವುದಕ್ಕೂ ಮೊದಲೇ ಅವರು ಐಸ್‌ಲ್ಯಾಂಡಿನಲ್ಲಿ ಮಾಡಿದ ಕೆಲಸ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು. ಗೇಸಿರ್ ಎಂಬ ಬುಗ್ಗೆ ಯಾವ ಗಳಿಗೆಯಲ್ಲಾದರೂ ಕುದಿನೀರನ್ನು ಹತ್ತಾರು ಮೀಟರ್ ಎತ್ತರಕ್ಕೆ ಚಿಮ್ಮಬಹುದಿತ್ತು. ಅದು ಗೊತ್ತಿದ್ದೂ ಬುನ್ಸೆನ್ ಮತ್ತು ಫ್ರಾನ್ಸಿನ ಖನಿಜತಜ್ಞ ದೆಕ್ಲೂಆಜೋ ಅದರ ಗಂಟಲೊಳಗೆ ಉಷ್ಣಮಾಪಕಗಳನ್ನು ಇಳಿಬಿಟ್ಟು, ಯಾವ ಆಳದಲ್ಲಿ ಎಷ್ಟು ಬಿಸಿ ಎಂದು ಅಳೆದು ಬರೆದುಕೊಂಡರು.

ಇಪ್ಪತ್ತು ಮೀಟರಿಗೂ ಕೆಳಗೆ, ಬುಗ್ಗೆಯ ತಳದ ಹತ್ತಿರ, ನೀರು 127 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದಿತ್ತು. ಆದರೂ ಕುದಿಯುತ್ತಿರಲಿಲ್ಲ. ಮೇಲೆ ಹತ್ತು ಮೀಟರ್ ನೀರಿನ ಭಾರ ಕೂತರೆ ಕುದಿಯುವ ಬಿಂದು 120 ಡಿಗ್ರಿಗೆ ಏರುತ್ತದೆ. ಇನ್ನೂ ಆಳಕ್ಕೆ ಹೋದರೆ ಇನ್ನೂ ಮೇಲೆ. ಹೀಗಾಗಿ ಆ ಕೊಳವೆಯ ನೀರೆಲ್ಲ ಕುದಿಯುವುದಕ್ಕೆ ಕೆಲವೇ ಡಿಗ್ರಿ ಬಾಕಿ ಇರುವ ಸ್ಥಿತಿಯಲ್ಲಿ ತಡೆದು ನಿಂತಿರುತ್ತದೆ. ಕೆಳಗಿಂದ ಬಂದ ಆವಿಯ ಗುಳ್ಳೆಗಳು ನಡುವಿನ ನೀರನ್ನು ಒಂದೆರಡು ಮೀಟರ್ ಮೇಲಕ್ಕೆ ತಳ್ಳಿದರೆ ಸಾಕು, ಅದರ ಮೇಲಿನ ಭಾರ ಇಳಿಯುತ್ತದೆ, ನೀರು ಒಮ್ಮೆಲೇ ಕುದಿದು ಆವಿಯಾಗುತ್ತದೆ. ಆ ಆವಿ ಮೇಲಿನ ನೀರನ್ನೆಲ್ಲ ಹೊರಗೆ ಚೆಲ್ಲುತ್ತದೆ. ಭಾರ ಮತ್ತಷ್ಟು ಇಳಿದು ಅದರ ಕೆಳಗಿನ ನೀರೂ ಕುದಿಯುತ್ತದೆ. ಬುನ್ಸೆನ್ ಕೊಟ್ಟ ಈ ವಿವರಣೆಗೆ ಆಮೇಲೆ ತಿದ್ದುಪಡಿಗಳು ಬಂದಿವೆ. ತಿರುಳು ಮಾತ್ರ ಇವತ್ತಿಗೂ ನಿಂತಿದೆ.

ಚಿಮ್ಮುವ ನೀರನ್ನು ನೋಡಲು ಲಕ್ಷಾಂತರ ಜನ ಹೋಗುತ್ತಾರೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಆ ನೀರು ಎಲ್ಲಿಂದ ಬಂತು, ದಾರಿಯಲ್ಲಿ ಏನೇನನ್ನು ಕರಗಿಸಿಕೊಂಡು ಬಂತು ಎಂಬ ಪ್ರಶ್ನೆ. ಜ್ವಾಲಾಮುಖಿಯ ಪಕ್ಕದಲ್ಲಿ ಬಿಸಿನೀರು ಉಕ್ಕಿದರೆ ಅದು ಕರಗಿದ ಶಿಲೆಯ ಹೊಟ್ಟೆಯಿಂದಲೇ ಬಂದದ್ದು ಎಂದುಕೊಳ್ಳುವುದು ಸಹಜ. ಬಹುಕಾಲ ವಿಜ್ಞಾನಿಗಳಲ್ಲೂ ಹಲವರು ಹಾಗೇ ನಂಬಿದ್ದರು. ಅದನ್ನು ಬುಡಮೇಲು ಮಾಡಿದ್ದು ನೀರಿನ ಅಣುವಿನ ತೂಕ.

ಎಲ್ಲ ನೀರಿನಲ್ಲೂ ತುಸು ಭಾರದ ಹೈಡ್ರೋಜನ್, ತುಸು ಭಾರದ ಆಮ್ಲಜನಕ ಇರುವ ಅಣುಗಳು ಅಲ್ಪಸ್ವಲ್ಪ ಬೆರೆತಿರುತ್ತವೆ. ಮೋಡ ಸಮುದ್ರದಿಂದ ಒಳನಾಡಿಗೆ, ಬೆಟ್ಟದ ಮೇಲಕ್ಕೆ ಸಾಗಿದಂತೆ ಭಾರದ ಅಣುಗಳು ಮೊದಲು ಉದುರಿಬಿಡುತ್ತವೆ. ಹಾಗಾಗಿ ಕರಾವಳಿಯ ಮಳೆಗೂ ಎತ್ತರದ ಹಿಮಕ್ಕೂ ಬೇರೆ ಬೇರೆ ಗುರುತು ಬೀಳುತ್ತದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಹಾರ್ಮನ್ ಕ್ರೇಗ್ ಜಗತ್ತಿನ ಹಲವು ಬಿಸಿಬುಗ್ಗೆಗಳ ನೀರನ್ನು ಹೀಗೆ ಪರೀಕ್ಷಿಸಿದರು. ಹೈಡ್ರೋಜನ್ನಿನ ಗುರುತು ಆಯಾ ಪ್ರದೇಶದ ಮಳೆಯದ್ದೇ ಆಗಿತ್ತು. ಆಮ್ಲಜನಕದ ಗುರುತು ಮಾತ್ರ ಕೊಂಚ ಭಾರದ ಕಡೆಗೆ ವಾಲಿತ್ತು. ಕಾರಣ ಸರಳ: ಕಲ್ಲಿನಲ್ಲಿ ಆಮ್ಲಜನಕ ಹೇರಳ, ಹೈಡ್ರೋಜನ್ ಇಲ್ಲವೆಂಬಷ್ಟು ಕಡಿಮೆ. ಕಾದ ನೀರು ಕಲ್ಲಿನ ಜೊತೆ ಆಮ್ಲಜನಕವನ್ನು ಅದಲುಬದಲು ಮಾಡಿಕೊಳ್ಳಬಲ್ಲದು, ಹೈಡ್ರೋಜನ್ ಅದಲುಬದಲಿಗೆ ಅಲ್ಲಿ ಏನೂ ಸಿಗುವುದಿಲ್ಲ. ಅಂದರೆ ಬುಗ್ಗೆಯ ನೀರು ಬಹುಪಾಲು ಮಳೆ ಮತ್ತು ಹಿಮದ ನೀರೇ. ನೆಲಕ್ಕೆ ಇಂಗಿ, ಆಳದ ಬಿಸಿ ಕಲ್ಲನ್ನು ಮುಟ್ಟಿ, ಹಗುರಾಗಿ ಮೇಲೆದ್ದು ಬಂದದ್ದು.

ಐಸ್‌ಲ್ಯಾಂಡಿನ ಬ್ರಾಗಿ ಆರ್ನಸನ್ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಇಡೀ ದೇಶದ ಮಳೆಯ ಗುರುತುಗಳ ನಕ್ಷೆ ಮಾಡಿ, ಪ್ರತಿ ಬುಗ್ಗೆಯ ನೀರನ್ನು ಅದಕ್ಕೆ ಹೋಲಿಸಿ ನೋಡಿದರು. ಅವರ ವಿಸ್ತಾರವಾದ ಅಧ್ಯಯನ 1976ರಲ್ಲಿ ಪ್ರಕಟವಾಯಿತು. ತಗ್ಗಿನಲ್ಲಿ ಉಕ್ಕುವ ಎಷ್ಟೋ ಬುಗ್ಗೆಗಳ ನೀರು ಅಲ್ಲಿ ಬಿದ್ದ ಮಳೆಯಲ್ಲ, ಹತ್ತಾರು ಕಿಲೋಮೀಟರ್ ಒಳಗಿನ ಎತ್ತರದ ಬಯಲಲ್ಲಿ ಬಿದ್ದು ನೆಲದಡಿಯಲ್ಲಿ ಹರಿದು ಬಂದದ್ದು ಎಂದು ಆ ನಕ್ಷೆ ತೋರಿಸಿತು. ಇನ್ನು ಕೆಲವು ನೀರಿನ ಗುರುತು ಇವತ್ತಿನ ಐಸ್‌ಲ್ಯಾಂಡಿನ ಯಾವ ಮಳೆಗೂ ಹೊಂದುತ್ತಿರಲಿಲ್ಲ, ಅಷ್ಟು ಹಗುರ. ಅದು ಹಿಮಯುಗದ ಕಡುಚಳಿಯಲ್ಲಿ ಬಿದ್ದ ನೀರು. ಹತ್ತು ಸಾವಿರ ವರ್ಷಕ್ಕೂ ಹಿಂದಿನ ಹಿಮ ಇಂದು ಒಬ್ಬರ ಮನೆಯ ನಲ್ಲಿಯಲ್ಲಿ ಬಿಸಿಯಾಗಿ ಸುರಿಯುತ್ತಿದೆ.

ಬಿಸಿಯ ಮೂಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಐಸ್‌ಲ್ಯಾಂಡ್ ಅಟ್ಲಾಂಟಿಕ್ ಸಾಗರದ ನಡುವಿನ ಬಿರುಕಿನ ಮೇಲೆ ಕೂತಿದೆ. ಎರಡೂ ಬದಿಯ ಭೂಫಲಕಗಳು ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಂತೆ ದೂರ ಸರಿಯುತ್ತಿವೆ, ಅಡಿಯಿಂದ ಬಿಸಿ ಶಿಲೆ ಮೇಲೇರುತ್ತಿದೆ. ಸಾಮಾನ್ಯ ನೆಲದಲ್ಲಿ ಒಂದು ಕಿಲೋಮೀಟರ್ ಆಳಕ್ಕೆ ಇಳಿದರೆ ಇಪ್ಪತ್ತೈದು ಮೂವತ್ತು ಡಿಗ್ರಿ ಹೆಚ್ಚುತ್ತದೆ. ಅಲ್ಲಿ ಅದರ ಎರಡರಿಂದ ಐದು ಪಟ್ಟು. ಹಾಗೆಂದು ಬಿಸಿನೀರು ಉಕ್ಕಲು ಜ್ವಾಲಾಮುಖಿ ಬೇಕೇಬೇಕು ಎಂದೇನಿಲ್ಲ. ನಮ್ಮ ದಕ್ಷಿಣ ಕನ್ನಡದ ಪುತ್ತೂರು ಬಳಿಯ ಬೆಂದ್ರ್ ತೀರ್ಥವೆಂಬ ಬಿಸಿಬುಗ್ಗೆಯ ಸುತ್ತಮುತ್ತ ಜೀವಂತ ಜ್ವಾಲಾಮುಖಿಯ ಸುಳಿವೇ ಇಲ್ಲ. ಕೊಂಕಣ ಕರಾವಳಿಯ ಉದ್ದಕ್ಕೂ ಇರುವ ಬುಗ್ಗೆಗಳದ್ದೂ ಅದೇ ಕಥೆ. ಮಳೆನೀರು ಬಿರುಕಿನಲ್ಲಿ ಸಾಕಷ್ಟು ಆಳಕ್ಕಿಳಿದು, ತಣ್ಣಗಾಗುವ ಮೊದಲೇ ಮೇಲೆ ಬಂದರೆ ಅಷ್ಟೇ ಸಾಕು. ಜ್ವಾಲಾಮುಖಿ ಇದ್ದಲ್ಲಿ ಇದೇ ಕೆಲಸ ಕಡಿಮೆ ಆಳದಲ್ಲಿ, ಹೆಚ್ಚು ಬಿಸಿಯಲ್ಲಿ ನಡೆಯುತ್ತದೆ. ಬಿಸಿ ಹೆಚ್ಚಿದಷ್ಟೂ ಅದರ ರಸಾಯನ ಬೇರೆಯಾಗುತ್ತದೆ.

ಗೇಸಿರ್ ಬುಗ್ಗೆಯ ಒಂದು ಲೀಟರ್ ನೀರಿನಲ್ಲಿ ಸುಮಾರು ಅರ್ಧ ಗ್ರಾಂ ಸಿಲಿಕಾ ಕರಗಿದೆ. ಸಿಲಿಕಾ ಎಂದರೆ ಮರಳು, ಬೆಣಚುಕಲ್ಲು, ಗಾಜಿನ ಮೂಲದ್ರವ್ಯ. ನಾವು ಕುಡಿಯುವ ತಣ್ಣೀರಿಗೆ ಬೆಣಚುಕಲ್ಲು ಹಾಕಿಟ್ಟರೆ ಲೀಟರಿಗೆ ಏಳೆಂಟು ಮಿಲಿಗ್ರಾಂ ಕರಗುವುದೂ ಕಷ್ಟ. 250 ಡಿಗ್ರಿಯ ನೀರಿನಲ್ಲಿ ಅದೇ ಕಲ್ಲು ಅರ್ಧ ಗ್ರಾಮಿನಷ್ಟು ಕರಗುತ್ತದೆ. ಸುಣ್ಣದ ಸ್ವಭಾವ ಇದಕ್ಕೆ ತದ್ವಿರುದ್ಧ. ಬಚ್ಚಲುಮನೆಯ ಹಂಡೆಯಲ್ಲಿ ಗಡಸು ನೀರು ಕಾಸಿದರೆ ಒಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದು ಬಿಸಿಯಾದಂತೆ ಕರಗಲಾರದೆ ಹೊರಬಿದ್ದ ಸುಣ್ಣ. ನೆಲದಾಳದಲ್ಲೂ ಹಾಗೇ. ಬಸಾಲ್ಟ್ ಕಲ್ಲಿನೊಳಗೆ ಹರಿಯುವ ಬಿಸಿನೀರು ಸುಣ್ಣವನ್ನು ಬಿರುಕುಗಳಲ್ಲೇ ಬಿಟ್ಟು, ಮೆಗ್ನೀಸಿಯಮ್ಮನ್ನು ಜೇಡಿಯೊಳಗೆ ಹುದುಗಿಸಿ, ಸಿಲಿಕಾ ಮತ್ತು ಸೋಡಿಯಂ ಹೊತ್ತು ಮೇಲೆ ಬರುತ್ತದೆ. ಕಲ್ಲು ಕರಗುವಾಗ ನೀರಿನ ಆಮ್ಲತೆಯನ್ನು ನುಂಗಿಬಿಡುವುದರಿಂದ ಇಂಥ ಬುಗ್ಗೆಗಳ ನೀರು ಕ್ಷಾರ. ಪಿಎಚ್ ಒಂಬತ್ತು ದಾಟುವುದೂ ಉಂಟು. ಸುಣ್ಣ, ಮೆಗ್ನೀಸಿಯಮ್ ಇಲ್ಲದ ಮೆದು ನೀರಾದ್ದರಿಂದ ಸಾಬೂನಿಗೆ ಚೆನ್ನಾಗಿ ನೊರೆ ಬರುತ್ತದೆ. ರೇಕ್ಯಾವಿಕ್ ಊರಿನ ಹೆಂಗಸರು ಹಿಂದೆ ಬಟ್ಟೆಗಂಟು ಹೊತ್ತು ಲೊಯ್ಗರ್‌ದಾಲುರ್ ಎಂಬ ಕಣಿವೆಯ ಬುಗ್ಗೆಗಳಿಗೆ ನಡೆದು ಹೋಗುತ್ತಿದ್ದರು. ಅವರಿಗೆ ಬೇಕಾದ ಬಿಸಿ, ಮೆದುತನ ಎರಡೂ ಅಲ್ಲಿ ಒಂದೇ ನೀರಿನಲ್ಲಿ ಸಿಗುತ್ತಿತ್ತು.

ಸಿಲಿಕಾದ ಇನ್ನೊಂದು ಗುಣವನ್ನು ಹತ್ತಿರದಿಂದ ನೋಡಬೇಕು. ಗೇಸಿರ್ ನೀರನ್ನು ಬಾಟಲಿಯಲ್ಲಿ ತುಂಬಿ ಬಿರಡೆ ಹಾಕಿಟ್ಟರೆ ತಣ್ಣಗಾದ ಮೇಲೂ ತಿಳಿಯಾಗೇ ಇರುತ್ತದೆ. ಅದೇ ನೀರಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಆರಲು ಬಿಟ್ಟರೆ ಮೊದಲು ಹನಿಯ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ. ಅಂಚಿನಲ್ಲಿ ನೀರು ತೆಳು, ಅಲ್ಲಿ ಬೇಗ ಆರುತ್ತದೆ, ಸಿಲಿಕಾ ಅಲ್ಲೇ ಉಳಿಯುತ್ತದೆ. ಬುಗ್ಗೆಯ ಬಾಯಲ್ಲಿ ನಡೆಯುವುದೂ ಇದೇ. ಉಕ್ಕಿದ ನೀರು ಸುತ್ತ ಹರಡಿ ಆರಿದಾಗ ಅಂಚಿಗೆ ಒಂದು ತೆಳುಪದರ ಕೂರುತ್ತದೆ. ಮತ್ತೊಮ್ಮೆ ಉಕ್ಕಿದಾಗ ಅದರ ಮೇಲೆ ಇನ್ನೊಂದು. ಹೀಗೆ ಸಾವಿರಾರು ಪದರಗಳು ಸೇರಿ ಬೂದುಬಿಳಿ ಕಲ್ಲಿನ ಅಗಲ ಬೋಗುಣಿ ಎದ್ದು ನಿಲ್ಲುತ್ತದೆ, ನಡುವಿನ ಕೊಳವೆ ಉದ್ದವಾಗುತ್ತ ಹೋಗುತ್ತದೆ. ಆ ಕೊಳವೆ ಉದ್ದವಾದ್ದರಿಂದಲೇ ನೀರಿನ ಭಾರ ಕೂತು, ಮೊದಲು ಹೇಳಿದ ಚಿಮ್ಮುವಿಕೆ ಸಾಧ್ಯವಾಗುತ್ತದೆ. ಬುಗ್ಗೆ ತನ್ನ ಯಂತ್ರವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದನ್ನು ಬುನ್ಸೆನ್ ಆಗಲೇ ಕಂಡಿದ್ದರು. ನೀರಿನ ರಸಾಯನವೂ ಆವಿಯ ಬಲವೂ ಹೀಗೆ ಒಂದಕ್ಕೊಂದು ಹೆಣೆದುಕೊಂಡದ್ದನ್ನು ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಸಿಲಿಕಾ ನೆಲದಾಳದ ಉಷ್ಣಮಾಪಕವೂ ಹೌದು. ಆಳದ ಬಿಸಿಯಲ್ಲಿ ಬೇಗ ಕರಗುವ ಅದು, ನೀರು ಮೇಲೇರಿ ತಣಿಯುವಾಗ ಅಷ್ಟು ಬೇಗ ಹೊರಬೀಳುವುದಿಲ್ಲ. ಹಾಗಾಗಿ ಬುಗ್ಗೆಯ ಬಾಯಲ್ಲಿ ಸಿಲಿಕಾ ಎಷ್ಟಿದೆ ಎಂದು ಅಳೆದರೆ ಒಂದೆರಡು ಕಿಲೋಮೀಟರ್ ಕೆಳಗಿನ ತಾಪಮಾನ ಅಂದಾಜಿಗೆ ಸಿಗುತ್ತದೆ. 1966ರಲ್ಲಿ ಅಮೆರಿಕದ ಫೂರ್ನಿಯೆ ಮತ್ತು ರೋ ಈ ಲೆಕ್ಕವನ್ನು ಬಳಕೆಗೆ ತಂದರು. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳ ಪ್ರಮಾಣದಿಂದಲೂ ಇಂಥದೇ ಲೆಕ್ಕ ಹಾಕಬಹುದು. ಕೋಟಿಗಟ್ಟಲೆ ಸುರಿದು ಕೊಳವೆಬಾವಿ ಕೊರೆಯುವ ಮೊದಲು ಒಂದು ಬಾಟಲಿ ನೀರು ಕೊಡುವ ಈ ಮಾಹಿತಿಗೆ ಬೆಲೆ ಕಟ್ಟುವುದು ಕಷ್ಟ.

ಐಸ್‌ಲ್ಯಾಂಡಿನ ಎಲ್ಲ ಬುಗ್ಗೆಗಳೂ ಹೀಗೆ ತಿಳಿಯಲ್ಲ, ಕ್ಷಾರವಲ್ಲ. ಜ್ವಾಲಾಮುಖಿಯ ನೆತ್ತಿಯ ಮೇಲೇ ಇರುವ ಕಡೆ, ಉದಾಹರಣೆಗೆ ಉತ್ತರದ ನಾಮಫ್ಯಾತ್‌ನಲ್ಲಿ, ನೆಲವೆಲ್ಲ ಹಳದಿ, ಕೆಂಪು, ಬೂದು ಬಣ್ಣ. ಹೊಂಡಗಳಲ್ಲಿ ಕೆಸರು ಕೊತಕೊತ ಕುದಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಇಲ್ಲಿ ಆಳದ ನೀರು ಮೇಲೆ ಬರುವ ದಾರಿಯಲ್ಲೇ ಕುದಿದುಹೋಗಿ ಬರೀ ಆವಿ ಮತ್ತು ಅನಿಲ ಏರುತ್ತವೆ. ಅದರಲ್ಲಿನ ಹೈಡ್ರೋಜನ್ ಸಲ್ಫೈಡ್ ಗಾಳಿಯ ಆಮ್ಲಜನಕ ತಾಗಿ ಮೊದಲು ಗಂಧಕ, ಆಮೇಲೆ ಗಂಧಕಾಮ್ಲ ಆಗುತ್ತದೆ. ಆ ಆಮ್ಲ ಕಲ್ಲನ್ನು ತಿಂದು ಜೇಡಿ ಮಾಡುತ್ತದೆ. ಈ ಆಮ್ಲವೆಲ್ಲ ಮೇಲ್ಪದರದ್ದು ಮಾತ್ರ, ಕೆಳಗಿನ ನೀರು ಹಾಗಿರುವುದಿಲ್ಲ. ಕೆಸರಿನ ಹೊಂಡ ಮತ್ತು ಬೂದುಬಿಳಿ ಬೋಗುಣಿ ಎರಡು ಬೇರೆ ಲೋಕಗಳಂತೆ ಕಂಡರೂ ಅವುಗಳ ಮೂಲನೀರು ಒಂದೇ ತೆರನಾಗಿರಬಹುದು.

ನಿಜವಾಗಿ ಆಳದಿಂದಲೇ ಹುಳಿಯಾಗಿ ಬರುವ ನೀರು ನೋಡಬೇಕಾದರೆ ಜಪಾನಿಗೆ ಹೋಗಬೇಕು. ಅದೂ ಜ್ವಾಲಾಮುಖಿಗಳ ದ್ವೀಪಸಮೂಹವೇ, ಆದರೆ ಹುಟ್ಟು ಬೇರೆ. ಅಲ್ಲಿ ಸಾಗರತಳದ ಫಲಕ ಭೂಮಿಯೊಳಗೆ ಮುಳುಗುತ್ತಿದೆ. ಮುಳುಗುವಾಗ ಸಮುದ್ರದ ನೀರು, ಕ್ಲೋರಿನ್, ಗಂಧಕವನ್ನೂ ಜೊತೆಗೆ ಒಯ್ಯುತ್ತದೆ. ಹೀಗೆ ಹುಟ್ಟುವ ಶಿಲಾಪಾಕದಿಂದ, ಅಂದರೆ ಕರಗಿದ ಶಿಲೆಯಿಂದ, ಹೊರಡುವ ಸಲ್ಫರ್ ಡೈ ಆಕ್ಸೈಡ್, ಹೈಡ್ರೋಜನ್ ಕ್ಲೋರೈಡ್ ಅನಿಲಗಳು ಅಂತರ್ಜಲದಲ್ಲಿ ಕರಗಿದರೆ ಗಂಧಕಾಮ್ಲ, ಹೈಡ್ರೋಕ್ಲೋರಿಕ್ ಆಮ್ಲ ತಯಾರು. ಅಕಿತಾ ಪ್ರಾಂತದ ತಮಾಗವಾ ಬುಗ್ಗೆ 98 ಡಿಗ್ರಿ ಬಿಸಿ, ಪಿಎಚ್ ಸುಮಾರು 1.2. ನಿಂಬೆರಸಕ್ಕಿಂತಲೂ ಹುಳಿಯಾದ ನೀರು ನಿಮಿಷಕ್ಕೆ ಸುಮಾರು 9,000 ಲೀಟರ್ ಉಕ್ಕುತ್ತದೆ. ಕುಸಾತ್ಸು ಎಂಬ ಸ್ನಾನದೂರಿನ ನೀರಿನ ಪಿಎಚ್ ಎರಡರ ಆಸುಪಾಸು. ಅದರಲ್ಲಿ ಕಬ್ಬಿಣದ ಮೊಳೆ ದಿನಗಳೊಳಗೆ ಸವೆದು ಕಡ್ಡಿಯಾಗುತ್ತದೆ. ಈ ನೀರು ಸೇರುತ್ತಿದ್ದ ನದಿಯಲ್ಲಿ ಮೀನು ಬದುಕುತ್ತಿರಲಿಲ್ಲ, ಸೇತುವೆಯ ಕಾಂಕ್ರೀಟು ಉಳಿಯುತ್ತಿರಲಿಲ್ಲ, ಹೊಲಕ್ಕೆ ಹಾಯಿಸುವಂತಿರಲಿಲ್ಲ. 1964ರಿಂದ ಅಲ್ಲಿ ಹಗಲೂ ಇರುಳೂ ಸುಣ್ಣಕಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಹೊಳೆಗೆ ಬಿಡುತ್ತಿದ್ದಾರೆ. ಆಮ್ಲ ಮುರಿದು, ಗಸಿ ಕೆಳಗಿನ ಅಣೆಕಟ್ಟಿನಲ್ಲಿ ಕೂರುತ್ತದೆ. ಸ್ನಾನಕ್ಕೆ ಬರುವವರ ಖುಷಿ ಒಂದು ಕಡೆ, ಕೆಳಗಿನ ರೈತರ ಬದುಕು ಒಂದು ಕಡೆ. ಎರಡನ್ನೂ ಉಳಿಸಲು ಒಂದು ದಿನವೂ ಬಿಡದೆ ಸುಣ್ಣ ಸುರಿಯುವ ಈ ಕೆಲಸದ ಬಗ್ಗೆ ಪ್ರವಾಸದ ಪುಸ್ತಿಕೆಗಳು ಇನ್ನಷ್ಟು ಬರೆಯಬೇಕಿತ್ತು.

ಐಸ್‌ಲ್ಯಾಂಡಿನವರು ತಮ್ಮ ನೀರಿನ ರಸಾಯನವನ್ನು ಮನೆಯೊಳಕ್ಕೇ ತಂದುಕೊಂಡಿದ್ದಾರೆ. 1930ರಲ್ಲಿ ಅದೇ ಬಟ್ಟೆ ಒಗೆಯುವ ಕಣಿವೆಯಿಂದ ಮೂರು ಕಿಲೋಮೀಟರ್ ಕೊಳವೆ ಹಾಕಿ ರೇಕ್ಯಾವಿಕ್‌ನ ಒಂದು ಶಾಲೆಗೆ, ಆಸ್ಪತ್ರೆಗೆ, ಕೆಲವು ಮನೆಗಳಿಗೆ ಬಿಸಿನೀರು ಹರಿಸಿದರು. ಇಂದು ದೇಶದ ಹತ್ತರಲ್ಲಿ ಒಂಬತ್ತು ಮನೆಗಳು ಬೆಚ್ಚಗಿರುವುದು ನೆಲದ ಬಿಸಿಯಿಂದ. ದೈಲ್ದರ್‌ತುಂಗುಕ್ವೆರ್ ಎಂಬ ಒಂದೇ ಬುಗ್ಗೆ ಸೆಕೆಂಡಿಗೆ 180 ಲೀಟರ್, 97 ಡಿಗ್ರಿಯ ನೀರು ಕೊಡುತ್ತದೆ. ಅದು 64 ಕಿಲೋಮೀಟರ್ ದೂರದ ಅಕ್ರನೆಸ್ ಊರಿನವರೆಗೂ ಹೋಗುತ್ತದೆ. ಮನೆಯ ನಲ್ಲಿಯಲ್ಲಿ ಆ ಮೊಟ್ಟೆಯ ವಾಸನೆ ಸಣ್ಣಗೆ ಇರುತ್ತದೆ. ಅದು ಬರೀ ಕಿರಿಕಿರಿ ಅಲ್ಲ. ನೀರಿನಲ್ಲಿ ಎಲ್ಲಾದರೂ ಆಮ್ಲಜನಕ ಸೇರಿಕೊಂಡರೆ ಹೈಡ್ರೋಜನ್ ಸಲ್ಫೈಡ್ ಅದನ್ನು ಹಿಡಿದುಹಾಕುತ್ತದೆ, ಕಬ್ಬಿಣದ ಕೊಳವೆಗೆ ತುಕ್ಕು ಹಿಡಿಯುವುದಿಲ್ಲ. ಇನ್ನೊಂದು ಕಡೆ, ಬುಗ್ಗೆಯ ನೀರಿಗೆ ಬಿಸಿ ಮಾಡಿದ ಸಾದಾ ತಣ್ಣೀರು ಬೆರೆಸಿದರೆ ತಣ್ಣೀರಿನ ಮೆಗ್ನೀಸಿಯಮ್ಮೂ ಬುಗ್ಗೆಯ ಸಿಲಿಕಾವೂ ಸೇರಿ ಕೊಳವೆಯೊಳಗೆ ಗಟ್ಟಿ ಪದರ ಕಟ್ಟುತ್ತದೆ. ಆದ್ದರಿಂದ ರೇಕ್ಯಾವಿಕ್‌ನಲ್ಲಿ ಎರಡು ಬಗೆಯ ಬಿಸಿನೀರನ್ನು ಬೇರೆ ಬೇರೆ ಬಡಾವಣೆಗಳಿಗೆ ಬೇರೆಯಾಗಿಯೇ ಹರಿಸುತ್ತಾರೆ.

ಐಸ್‌ಲ್ಯಾಂಡ್ ಎಂದರೆ ಇಂದು ಪ್ರವಾಸಿಗರ ಕಣ್ಣಮುಂದೆ ಬರುವ ಹಾಲುನೀಲಿ ಬ್ಲೂ ಲಗೂನ್ ಪ್ರಕೃತಿಯ ಬುಗ್ಗೆಯೇ ಅಲ್ಲ. ಪಕ್ಕದ ಸ್ವಾರ್ಟ್ಸೆಂಗಿ ವಿದ್ಯುತ್ ಸ್ಥಾವರ 1976ರಲ್ಲಿ ಶುರುವಾದಾಗ, ಬಳಸಿದ ನೀರನ್ನು ಸುತ್ತಲಿನ ಲಾವಾ ಬಯಲಿಗೆ ಬಿಟ್ಟರು. ರಂಧ್ರಗಳ ಲಾವಾದಲ್ಲಿ ಇಂಗಿಹೋಗುತ್ತದೆ ಎಂಬ ಎಣಿಕೆ. ನೀರು ತಣಿದಂತೆ ಸಿಲಿಕಾ ಹೊರಬಿದ್ದು ರಂಧ್ರಗಳನ್ನೆಲ್ಲ ಮುಚ್ಚಿತು, ಕೊಳ ನಿಂತಿತು. ಸಮುದ್ರದ ಪಕ್ಕವಾದ್ದರಿಂದ ಆ ನೀರಿನಲ್ಲಿ ಮೂರನೇ ಎರಡು ಪಾಲು ಉಪ್ಪುನೀರು. ಅದರಲ್ಲಿ ತೇಲುವ ಸಿಲಿಕಾದ ಅತಿಸಣ್ಣ ಕಣಗಳು ಬೆಳಕನ್ನು ಚದುರಿಸುವುದರಿಂದ ಆ ನೀಲಿ. ಬೊಗಸೆಯಲ್ಲಿ ತೆಗೆದರೆ ಬರೀ ಬಿಳಿ ಮಸುಕು.

ಗೇಸಿರ್‌ಗೂ ಮನುಷ್ಯರ ಕೈ ತಗುಲಿದೆ, ಅಷ್ಟು ಒಳ್ಳೆಯ ರೀತಿಯಲ್ಲಲ್ಲ. 1894ರಲ್ಲಿ ಅದನ್ನು ವಿದೇಶಿಯೊಬ್ಬರು ಕೊಂಡು ನೋಡಲು ಬಂದವರಿಂದ ಹಣ ವಸೂಲಿ ಮಾಡಿದರು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅದು ಬಹುತೇಕ ಸುಮ್ಮನಾಯಿತು. 1935ರಲ್ಲಿ ಐಸ್‌ಲ್ಯಾಂಡಿನ ಸಿಗುರ್ದುರ್ ಯೋನಾಸನ್ ಅದನ್ನು ಮರಳಿ ಕೊಂಡು ದೇಶಕ್ಕೆ ಕೊಟ್ಟರು. ಅದೇ ವರ್ಷ ಬೋಗುಣಿಯ ಅಂಚಿನಲ್ಲಿ ಕಾಲುವೆ ಕೊರೆದು ನೀರಿನ ಮಟ್ಟ ಇಳಿಸಿದಾಗ ಅದು ಮತ್ತೆ ಚಿಮ್ಮಿತು. ಆಮೇಲೆ ಸಾಬೂನು ಸುರಿದು ಚಿಮ್ಮಿಸುವ ರೂಢಿಯೂ ಬಂತು. ಸಾವಿರಾರು ವರ್ಷ ಪದರ ಪದರವಾಗಿ ಕಟ್ಟಿದ್ದನ್ನು ಒಂದು ಸಂಜೆಯ ನೋಟಕ್ಕಾಗಿ ಕೊರೆಯುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಭೂಕಂಪವಾದಾಗ ಅದು ತಾನಾಗಿ ಎಚ್ಚರಗೊಳ್ಳುತ್ತದೆ. 1896ರಲ್ಲೂ 2000ದಲ್ಲೂ ಹಾಗೇ ಆಯಿತು. ಸಿಲಿಕಾ ಕಟ್ಟಿ ಮುಚ್ಚಿದ ದಾರಿಗಳನ್ನು ನೆಲ ಅಲುಗಿ ತೆರೆಯುತ್ತದೆ. ಈಗ ಪ್ರವಾಸಿಗರ ಮುಂದೆ ಕೆಲವು ನಿಮಿಷಕ್ಕೊಮ್ಮೆ ಚಿಮ್ಮುವುದು ಪಕ್ಕದ ಸ್ತ್ರೋಕ್ಕುರ್ ಬುಗ್ಗೆ. ಅದರ ಕೊಳವೆಯನ್ನೂ 1963ರಲ್ಲಿ ಯಂತ್ರದಿಂದ ಕೊರೆದು ತೆರವು ಮಾಡಲಾಗಿತ್ತು.

ಬಿಸಿ ಕೊಡುವ ನೆಲ ಯಾವಾಗಲೂ ಮಾತು ಕೇಳುವುದಿಲ್ಲ. ಕ್ರಾಪ್ಲಾದಲ್ಲಿ ವಿದ್ಯುತ್ ಸ್ಥಾವರ ಕಟ್ಟುತ್ತಿರುವಾಗಲೇ, 1975ರಲ್ಲಿ, ಅಲ್ಲಿನ ಜ್ವಾಲಾಮುಖಿ ಎದ್ದಿತು. ಶಿಲಾಪಾಕದ ಆಮ್ಲ ಅನಿಲಗಳು ನುಗ್ಗಿ ಹೊಸ ಬಾವಿಗಳ ಉಕ್ಕಿನ ಕೊಳವೆಗಳು ಹಾಳಾದವು. 1977ರ ಸೆಪ್ಟೆಂಬರಿನಲ್ಲಿ ಅಲ್ಲೇ ಹತ್ತಿರದ ಒಂದು ಕೊಳವೆಬಾವಿಯಿಂದ ಆವಿಯ ಬದಲು ಲಾವಾ ಹಾರಿಬಂತು. 2009ರಲ್ಲಿ ಕ್ರಾಪ್ಲಾದಲ್ಲಿ ಕೊರೆಯುತ್ತಿದ್ದ ಇನ್ನೊಂದು ಬಾವಿ ಎರಡು ಕಿಲೋಮೀಟರ್ ಆಳದಲ್ಲಿ ನೇರ ಶಿಲಾಪಾಕವನ್ನೇ ಮುಟ್ಟಿತು. ಈಚಿನ ಪೆಟ್ಟು ಸ್ವಾರ್ಟ್ಸೆಂಗಿಯ ಕಡೆಗೆ. 2023ರ ನವೆಂಬರಿನಲ್ಲಿ ಪಕ್ಕದ ಗ್ರಿಂಡವಿಕ್ ಊರನ್ನು ರಾತ್ರೋರಾತ್ರಿ ಖಾಲಿ ಮಾಡಿಸಬೇಕಾಯಿತು. 2024ರ ಫೆಬ್ರುವರಿ 8ರಂದು ಲಾವಾ ಹರಿದು ಬಿಸಿನೀರಿನ ದೊಡ್ಡ ಕೊಳವೆ ಸುಟ್ಟುಹೋಯಿತು. ಕೊರೆಯುವ ಚಳಿಯಲ್ಲಿ 20,000ಕ್ಕೂ ಹೆಚ್ಚು ಜನರ ಮನೆಗಳು ತಣ್ಣಗಾದವು. ಸ್ಥಾವರದ ಸುತ್ತ ಎತ್ತರದ ಮಣ್ಣಿನ ಒಡ್ಡು ಹಾಕಿ ಅದನ್ನು ಉಳಿಸಿಕೊಂಡಿದ್ದಾರೆ.

ನೀರು ಮತ್ತು ಬಸಾಲ್ಟಿನ ಈ ಒಡನಾಟದಿಂದ ಈಗ ಇನ್ನೊಂದು ಕೆಲಸವನ್ನೂ ಮಾಡಿಸಿಕೊಳ್ಳುತ್ತಿದ್ದಾರೆ. ಹೆಲ್ಲಿಶೈದಿ ಸ್ಥಾವರದಲ್ಲಿ 2012ರಲ್ಲಿ ಶುರುವಾದ ಕಾರ್ಬ್‌ಫಿಕ್ಸ್ ಪ್ರಯೋಗದಲ್ಲಿ ಇಂಗಾಲದ ಡೈ ಆಕ್ಸೈಡನ್ನು ನೀರಿನಲ್ಲಿ ಕರಗಿಸಿ ನೂರಾರು ಮೀಟರ್ ಆಳದ ಬಸಾಲ್ಟಿಗೆ ಇಳಿಸಿದರು. ಸೋಡಾದಂಥ ಆ ಹುಳಿನೀರು ಕಲ್ಲಿನಿಂದ ಕ್ಯಾಲ್ಸಿಯಂ ಕರಗಿಸಿಕೊಂಡು, ಅದರ ಜೊತೆ ಸೇರಿ ಸುಣ್ಣದ ಹರಳಾಗಿ ಕಲ್ಲಿನ ರಂಧ್ರಗಳಲ್ಲಿ ಕೂತಿತು. ಎರಡು ವರ್ಷದೊಳಗೆ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಕಲ್ಲಾಗಿತ್ತು ಎಂದು 2016ರಲ್ಲಿ ವರದಿಯಾಯಿತು.

ನಮ್ಮ ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪುಕಲ್ಲೂ ಬಸಾಲ್ಟೇ. ಗೋಳಗುಮ್ಮಟ ಕಟ್ಟಿದ್ದು ಅದರಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಆ ಲಾವಾ ಎಂದೋ ತಣಿದಿದೆ, ಆದರೆ ತಣಿಯುವ ಕಾಲದಲ್ಲಿ ಅದರೊಳಗೂ ಬಿಸಿನೀರು ಹರಿದಾಡಿತ್ತು. ದಖನ್ನಿನ ಕಲ್ಲು ಒಡೆದಾಗ ಗುಳ್ಳೆಯಾಕಾರದ ರಂಧ್ರಗಳಲ್ಲಿ ಕಾಣುವ ಬಿಳಿ, ಗುಲಾಬಿ ಜಿಯೋಲೈಟ್ ಹರಳುಗಳು, ಬೆಣಚಿನ ಗೂಡುಗಳು, ಸುಣ್ಣದ ಹರಳುಗಳು ಅಂಥ ನೀರು ಬಿಟ್ಟುಹೋದವು. ಐಸ್‌ಲ್ಯಾಂಡಿನ ಪೂರ್ವ ಕರಾವಳಿಯ ಹಳೆಯ ಲಾವಾದಲ್ಲೂ ಇವೇ ಹರಳುಗಳು ಸಿಗುತ್ತವೆ. ಕಾರ್ಬ್‌ಫಿಕ್ಸ್‌ನಂಥದ್ದನ್ನು ಇಲ್ಲೂ ಮಾಡಬಹುದೇ ಎಂದು ಕೇಳುವವರಿಗೆ ಉತ್ತರವೂ ಆ ಹರಳುಗಳಲ್ಲೇ ಇದೆ. ಐಸ್‌ಲ್ಯಾಂಡಿನ ಎಳೆಯ ಲಾವಾ ಇನ್ನೂ ರಂಧ್ರಮಯ, ನೀರು ಸಲೀಸಾಗಿ ಒಳಗೆ ಹೋಗುತ್ತದೆ. ನಮ್ಮದು ಹಳೆಯ ಕಲ್ಲು. ಅದರ ರಂಧ್ರಗಳಲ್ಲಿ ಎಷ್ಟೋ ಭಾಗವನ್ನು ಅಂದಿನ ಬಿಸಿನೀರೇ ತುಂಬಿ ಮುಚ್ಚಿಬಿಟ್ಟಿದೆ. ಯಾವ ಪದರದಲ್ಲಿ ಇನ್ನೂ ದಾರಿ ಉಳಿದಿದೆ ಎಂಬುದನ್ನು ಕೊರೆದು, ನೀರು ಹಾಯಿಸಿ, ಒಂದೊಂದು ಕಡೆಯೂ ಪರೀಕ್ಷಿಸಿಯೇ ತಿಳಿಯಬೇಕು.